ಐದೂವರೆ ಬಸ್ಸಿನ ಕಲಮು

ಮನೆ ಕೊಳ್ಳುವಾಗಲೂ ಮಾರುವಾಗಲೂ ಊರಿನ ವಕೀಲರನ್ನೇ ಹಿಡಿಯಬೇಕು ಎಂಬುದು ನಮ್ಮೂರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಗೊತ್ತಿಲ್ಲದವರು ನಮ್ಮ ಯಜಮಾನರು ಬೋರಲಿಂಗಯ್ಯನವರು ಒಬ್ಬರೇ. ಗೊತ್ತಿಲ್ಲ ಅಂತಲ್ಲ, ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರುವುದು ಅವರ ಹುಟ್ಟುಗುಣ. ಒಂದು ಬೆಳಗ್ಗೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಮೆಲ್ಲಗೆ ಮಾತು ತೆಗೆದರು.

"ಹೊರಗಡೆ ಊರಲ್ಲಿ ಒಬ್ಬ ಲಾಯರ್ ಇದಾನಂತೆ ಕಣೆ. ಬೆಳಗ್ಗೆ ಕಾಗದ ಕೊಟ್ರೆ ಸಂಜೆಯೊಳಗೆ ರಿಜಿಸ್ಟ್ರಿ. ಮನೆಗೆ ಬಂದು ಕೂರೋದು, ಮೂರು ದಿನ ಉಣ್ಣೋದು, ಆ ತಾಪತ್ರಯವೇ ಇಲ್ಲ."

"ಆ ಮಹಾರಾಯನ ಕೈಲಿ ಕಾಗದ ಮಾಡಿಸಿದ ಪೋಸ್ಟ್ ಮಾಸ್ಟ್ರ ಪಾಡು ನೋಡಿದ್ದೀರಲ್ಲ?" ಎಂದೆ. ಅವರು ತಲೆ ತಗ್ಗಿಸಿ ಎಣ್ಣೆ ತಿಕ್ಕಿಕೊಂಡರು.

ಪೋಸ್ಟ್ ಮಾಸ್ಟರು ಕೊಂಡ ಮನೆಯಲ್ಲಿ ಮೊದಲು ಒಬ್ಬಳು ಅಜ್ಜಿ ಇದ್ದಳು. ಸೊಸೆಯರಿಗೆ ಸಿಗಬಾರದೆಂದು ದಿನಕ್ಕೊಂದು ಕಡೆ ಬೀಗದ ಕೈ ಬಚ್ಚಿಡುತ್ತಿದ್ದಳು. ಹೊರಗಿನ ವಕೀಲನಿಗೆ ಅದೆಲ್ಲ ಏನು ಗೊತ್ತು? ಚಕ್ಕುಬಂದಿ ಬರೆದ, ಅಳತೆ ಬರೆದ, ಸಹಿ ಹಾಕಿಸಿದ, ಹೋದ. ಈಗ ಪೋಸ್ಟ್ ಮಾಸ್ಟರ ಮನೆಯ ಐದು ಮಂದಿಯೂ ಕೀಲಿಕೈ ಬಚ್ಚಿಡುತ್ತಾರೆ, ಒಬ್ಬರು ಬಚ್ಚಿಟ್ಟದ್ದು ಇನ್ನೊಬ್ಬರಿಗೆ ಸಿಗುವುದಿಲ್ಲ. ನಾಲ್ಕು ವರ್ಷದಿಂದ ಅಡುಗೆಮನೆಯ ಕಿಟಕಿಯಿಂದ ಒಳಗೆ ಹೋಗುತ್ತಿದ್ದಾರೆ. ಅವರ ಹೆಂಡತಿ ಸ್ವಲ್ಪ ತುಂಬಿಕೊಂಡ ಮೈಯವರು, ಪಾಪ, ಹೆಚ್ಚು ಹೇಳಬಾರದು.

ನಮ್ಮೂರಿನ ಮನೆಗಳು ಹಾಗೇ. ಇದ್ದವರ ಅಭ್ಯಾಸ ಹಿಡಿದಿಟ್ಟುಕೊಂಡು ಬಂದವರಿಗೆ ಹಚ್ಚುತ್ತವೆ. ಸೂಲಗಿತ್ತಿಯ ಮನೆಗೆ ಬಾಡಿಗೆಗೆ ಬಂದ ಇನ್ಸ್‌ಪೆಕ್ಟರು ಮೊಣಕೈವರೆಗೆ ಕೈ ತೊಳೆಯದೆ ಊಟಕ್ಕೆ ಕೂರುವುದಿಲ್ಲ. ಭಜನೆಯವರ ಮನೆಯಲ್ಲಿರುವ ಬ್ಯಾಂಕ್ ಮ್ಯಾನೇಜರು ಮನೆಯಲ್ಲಿರುವಷ್ಟು ಹೊತ್ತೂ ತೊಡೆಯ ಮೇಲೆ ತಾಳ ಹಾಕುತ್ತಾರೆ. ಇದಕ್ಕೆಲ್ಲ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಒಂದು ಕಟ್ಟಳೆ ಮಾತ್ರ ಎಲ್ಲರೂ ಪಾಲಿಸುತ್ತೇವೆ. ದೊಡ್ಡ ಮಾತನ್ನು ಮನೆಯೊಳಗೆ ಆಡುವುದಿಲ್ಲ. ಹೆಣ್ಣು ಕೇಳುವುದು, ಮಾತು ಕೊಡುವುದು, ಜಗಳ ರಾಜಿಯಾಗುವುದು, ಎಲ್ಲ ಬೀದಿಯಲ್ಲಿ, ಬರಿಗಾಲಲ್ಲಿ. ಒಳಗೆ ಆಡಿದ ಮಾತು ಆಡಿದವರದೋ ಮನೆಯದೋ ಹೇಳುವವರು ಯಾರು? ಅದಕ್ಕೇ ಇಬ್ಬರು ಚಪ್ಪಲಿಯಿಲ್ಲದೆ ಬೀದಿ ನಡುವೆ ನಿಂತಿದ್ದರೆ ನಾವು ಬದಿಗೆ ಸರಿದು ಹೋಗುತ್ತೇವೆ. ಸೈಕಲ್ ಮೇಲಿದ್ದರೆ ಇಳಿದು ತಳ್ಳಿಕೊಂಡು ಹೋಗುತ್ತೇವೆ.

ನಮ್ಮ ಮನೆ ಇದ್ದದ್ದು ಗುಡ್ಡದ ಮೇಲೆ, ಅರವತ್ತೆರಡು ಮೆಟ್ಟಿಲು ಹತ್ತಿ ಹೋಗಬೇಕು. ಬಾಗಿಲಲ್ಲಿ ನಿಂತರೆ ಕೆಳಗಿನ ಬಸ್ ನಿಲ್ದಾಣ ಅಂಗೈಯಲ್ಲಿದ್ದ ಹಾಗೆ ಕಾಣುತ್ತದೆ. ನಮ್ಮವರಿಗೆ ಹಿಟ್ಟಿನ ಗಿರಣಿ. ದಿನಾ ಹತ್ತಿ ಇಳಿದು ಎರಡು ಮಂಡಿಯೂ ಸವೆದುಹೋಗಿದ್ದವು. "ಇನ್ನು ಮೆಟ್ಟಿಲು ಹತ್ತೋದಾದ್ರೆ ನನ್ನ ಹತ್ರ ಬರಬೇಡಿ" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ ಮೇಲೆ, ಗಿರಣಿಯ ಪಕ್ಕದಲ್ಲೇ ಒಂದು ಮನೆ ನೋಡಿದೆವು. ನಮ್ಮ ಮನೆ ಕೊಳ್ಳಲು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಪುರುಷೋತ್ತಮ ಮುಂದೆ ಬಂದರು. ಮೆಟ್ಟಿಲು ಕಂಡರೆ ಹಿಗ್ಗುವ ಮನುಷ್ಯ. ಮನೆ ನೋಡಲು ಬಂದ ದಿನವೇ ಮೂರು ಸಲ ಓಡಿ ಹತ್ತಿ ಇಳಿದು ತೋರಿಸಿದರು.

ಹೀಗೆ ನಾನು ಹಟ ಹಿಡಿದು ವಕೀಲರಾದ ತೇಜೋವತಿಯವರನ್ನು ಗೊತ್ತುಮಾಡಿದೆ. ಐವತ್ತು ದಾಟಿದ ಹೆಂಗಸು, ಸಣಕಲು ಮೈ, ದಪ್ಪ ಕನ್ನಡಕ. ಯಾರೂ ಎಂದೂ ವಾಸವಿರದ ಒಂದು ಗೋದಾಮಿನ ಮಹಡಿಯಲ್ಲಿ ಒಬ್ಬರೇ ಇರುತ್ತಾರೆ. ಈ ಕೆಲಸ ಮಾಡುವವರು ಹಾಗಿದ್ದರೇನೇ ಸರಿ, ಸ್ವಂತದ್ದೆಂದು ಯಾವ ಅಭ್ಯಾಸವೂ ಅಂಟಿರುವುದಿಲ್ಲ. ಒಂದು ದಿಂಬು, ಒಂದು ಫ್ಲಾಸ್ಕು, ಗೆರೆ ಎಳೆದ ನೋಟುಬುಕ್ಕು ಹಿಡಿದು ಬಂದರು.

"ನಾನಿಲ್ಲ ಅಂದ್ಕೊಂಡು ನಿಮ್ಮ ಕೆಲಸ ನೋಡ್ಕೊಳ್ಳಿ" ಎಂದು ನಡುಮನೆಯ ಕುರ್ಚಿಯಲ್ಲಿ ಕೂತರು. ಮೂರು ದಿನ ಅವರು ಮಾಡುವುದಿಷ್ಟೇ. ಸುಮ್ಮನೆ ಇರುವುದು. ತಾನು ಎಂದೂ ಮಾಡದ್ದನ್ನು ಇಲ್ಲಿ ಮಾಡಿದರೆ ಅದನ್ನು ಬರೆದುಕೊಳ್ಳುವುದು.

ಮೊದಲ ದಿನ ಚಿಲ್ಲರೆ ಪಲ್ಲರೆ ಸಿಕ್ಕಿತು. ಪಾತ್ರೆಯ ಮುಚ್ಚಳ ತೆಗೆಯುವ ಮುಂಚೆ ಎರಡು ಸಲ ಕುಟ್ಟುವುದು, ಅದು ಹಲ್ಲಿಗೆ ಹೆದರುತ್ತಿದ್ದ ನಮ್ಮತ್ತೆಯದು. ಎರಡನೆಯ ದಿನ ಸಂಜೆ ಅವರು ಫ್ಲಾಸ್ಕಿನ ಬಿರಡೆ ತಿರುಗಿಸುತ್ತಿದ್ದವರು ಅರ್ಧಕ್ಕೇ ಬಿಟ್ಟು ಎದ್ದರು. ಬಾಗಿಲಿಗೆ ಹೋಗಿ, ಎಡಗೈ ಚೌಕಟ್ಟಿಗೆ ಇಟ್ಟು, ಕೆಳಗೆ ನೋಡುತ್ತಾ ನಿಂತರು. ಐದೂವರೆ ಬಸ್ಸು ಬಂದಿತ್ತು. ಹಿಂದಿನಿಂದ ನಮ್ಮವರು ಕೈ ಒರೆಸಿಕೊಳ್ಳುತ್ತಾ ಬಂದರು. ನಾನು ಮೊರ ಹಿಡಿದುಕೊಂಡು ಆಗಲೇ ಅಲ್ಲಿದ್ದೆ. ಒಂದು ಬಾಗಿಲು, ಮೂರು ತಲೆ. ಬಸ್ಸಿನಿಂದ ಕೊನೆಯ ಮನುಷ್ಯ ಇಳಿದು, ಅವನು ಮೆಟ್ಟಿಲ ಕಡೆ ಬರದೆ ಪೇಟೆಯ ಕಡೆ ತಿರುಗುವವರೆಗೂ ಮೂವರೂ ಉಸಿರು ಬಿಗಿಹಿಡಿದಿದ್ದೆವು.

"ಗಾಳಿ ಚೆನ್ನಾಗಿ ಬರ್ತಿದೆ" ಎಂದರು ನಮ್ಮವರು.

"ಸೊಪ್ಪಿನವನು ಬಂದನೇನೋ ಅಂತ ನೋಡ್ದೆ" ಎಂದೆ ನಾನು.

ಒಂಬತ್ತು ವರ್ಷದಿಂದ ಅವರು ಗಾಳಿ ಅನ್ನುತ್ತಾರೆ, ನಾನು ಸೊಪ್ಪಿನವನು ಅನ್ನುತ್ತೇನೆ. ಸೊಪ್ಪಿನವನು ಬರುವುದು ಬೆಳಗ್ಗೆ ಎಂದು ಅವರು ಒಂದು ದಿನವೂ ಹೇಳಿದವರಲ್ಲ. ಆ ಹೊತ್ತಿನಲ್ಲಿ ಅಲ್ಲಿ ಒಂದು ಎಲೆಯೂ ಅಲ್ಲಾಡುವುದಿಲ್ಲವೆಂದು ನಾನೂ ಹೇಳಿದವಳಲ್ಲ. ತೇಜೋವತಿಯವರು ಇಬ್ಬರ ಮುಖವನ್ನೂ ನೋಡಿ, ಒಳಗೆ ಹೋಗಿ ನೋಟುಬುಕ್ಕಿನಲ್ಲಿ ಏನೋ ಬರೆದರು.

ಮಾರನೆಯ ದಿನ ಊಟವಾದ ಮೇಲೆ ಅವರು ಚಪ್ಪಲಿ ಬಿಟ್ಟು ಹೊರಗೆ ಹೊರಟರು. "ಬನ್ನಿ ಪುಟ್ಟತಾಯಮ್ಮ, ಬೀದಿಗೆ ಹೋಗೋಣ."

ಇಬ್ಬರೂ ಮೇಲಿನ ಮೆಟ್ಟಿಲ ಮೇಲೆ ನಿಂತೆವು. ಕಾಲು ಸುಡುತ್ತಿತ್ತು.

"ಕ್ರಯಪತ್ರದ ಜೊತೆ ಅಭ್ಯಾಸದ ಪಟ್ಟಿ ಇಡಬೇಕು. ಏನು ಅಭ್ಯಾಸ, ಯಾವಾಗಿಂದ, ಯಾರ ದೆಸೆಯಿಂದ. ಬೇರೆದಕ್ಕೆಲ್ಲ ಮೂರೂ ತುಂಬಿದೀನಿ. ಐದೂವರೆ ಬಸ್ಸಿಂದಕ್ಕೆ ಮೂರನೇದು ಖಾಲಿ ಇದೆ. ಯಾರಮ್ಮ ಅದು?"

"ಸೊಪ್ಪಿನವನು."

"ಸುಳ್ಳು ಕಾರಣ ಬರೆದ್ರೆ ವರ್ಷದೊಳಗೆ ಮೇಷ್ಟ್ರು ಮನೆ ವಾಪಸ್ ಕೊಡಬಹುದು, ಅದು ಕಾನೂನು. ಅದು ಹಾಗಿರ್ಲಿ. ಅವ್ರ ಮನೆಯೋರು ದಿನಾ ಸಂಜೆ ಬಾಗಿಲಿಗೆ ಬಂದು ಎದೆ ಹಿಂಡಿಸ್ಕೊಂಡು ನಿಲ್ತಾರೆ. ಯಾಕೆ ಅಂತ ಗೊತ್ತಿದ್ರೆ ತಡ್ಕೋಬಹುದು. ಗೊತ್ತಿಲ್ದೆ ಹಿಂಡಿಸ್ಕೊಳ್ಳೋದು ಬಹಳ ಕಷ್ಟ ಕಣಮ್ಮ."

ಒಂಬತ್ತು ವರ್ಷ ನನ್ನ ನಾಲಿಗೆಯ ಮೇಲೆ ಬರದಿದ್ದ ಹೆಸರು ಹೇಳಿದೆ. "ಮಾದೇಶ. ನನ್ನ ಮೈದುನ."

ನಾನು ಮದುವೆಯಾಗಿ ಬಂದಾಗ ನನಗೆ ಹತ್ತೊಂಬತ್ತು, ಮಾದೇಶನಿಗೆ ಐದು. ವರ್ಷ ತುಂಬುವ ಮುಂಚೆ ಅತ್ತೆ ಮಾವ ಇಬ್ಬರೂ ಒಂದೇ ವಾರದಲ್ಲಿ ತೀರಿಕೊಂಡರು. ಎತ್ತಿ ಆಡಿಸಿದವಳು, ಉಣ್ಣಿಸಿದವಳು, ಶಾಲೆಗೆ ಕಳಿಸಿದವಳು ನಾನು. ನನಗೆ ಮಕ್ಕಳಾಗಲಿಲ್ಲ, ಅದು ನನಗೆ ಕೊರತೆಯಾಗಿ ಕಾಣಲೂ ಇಲ್ಲ. ಬೆಳೆದ ಮೇಲೆ ಅಣ್ಣನ ಜೊತೆ ಗಿರಣಿಯಲ್ಲಿ ನಿಂತ. ಯುಗಾದಿಯ ಹಿಂದಿನ ದಿನ ಗಿರಣಿ ತುಂಬ ಜನ. ಎರಡು ಗಂಟೆಗೆ ಬರುತ್ತೇನೆಂದು ಹೋದವನು ಸಿನಿಮಾಕ್ಕೆ ಹೋಗಿ ಕೂತ. ಜಾರಿದ ಬೆಲ್ಟನ್ನು ಇವರು ಒಬ್ಬರೇ ಸರಿಮಾಡಲು ಹೋಗಿ ಬಲಗೈಯ ಎರಡು ಬೆರಳು ಕಳೆದುಕೊಂಡರು. ಆಸ್ಪತ್ರೆಯಿಂದ ಬಂದು ನಾನು ಕೂತಿದ್ದೆ. ಅವನು ಮೆಟ್ಟಿಲು ಎರಡೆರಡು ಹಾರಿಕೊಂಡು ಬಂದ, ಕೈಯಲ್ಲಿ ನನಗೆಂದು ತಂದ ಕಡಲೆಕಾಯಿ ಪೊಟ್ಟಣ. ಅವನಿಗೆ ಇನ್ನೂ ವಿಷಯ ಗೊತ್ತಿರಲಿಲ್ಲ.

"ನಿಮ್ಮಪ್ಪ ಅಮ್ಮನ ಜೊತೆ ಅವತ್ತೇ ನೀನೂ ಹೋಗಿದ್ದಿದ್ರೆ ಇವತ್ತು ನನ್ನ ಗಂಡನ ಕೈ ನೆಟ್ಟಗಿರ್ತಿತ್ತು" ಎಂದೆ.

ಪೊಟ್ಟಣವನ್ನು ಕಿಟಕಿಯ ಮೇಲಿಟ್ಟು, ಊಟವನ್ನೂ ಮಾಡದೆ ಇಳಿದು ಹೋದ. ಐದೂವರೆಗೆ ಬಂದು ತಿರುಗಿ ಹೋಗುವ ಬಸ್ಸು ಹತ್ತಿದ. ಮನೆ ಆಡಿಸಿತು ಎಂದು ತಪ್ಪಿಸಿಕೊಳ್ಳುವಂತೆಯೂ ಇರಲಿಲ್ಲ. ನಮ್ಮ ಮನೆಗೆ ಅಂಥ ಮಾತಿನ ಅಭ್ಯಾಸ ಎಂದೂ ಇರಲಿಲ್ಲ. ಆಡಿದವಳು ನಾನೇ.

ಇದನ್ನೆಲ್ಲ ಕೇಳಿ ತೇಜೋವತಿಯವರು ಕನ್ನಡಕ ಒರೆಸಿಕೊಂಡರು. "ಯಾರ ದೆಸೆಯಿಂದ ಅಭ್ಯಾಸ ಬಂತೋ ಅವ್ರಿಗೆ ನೋಟಿಸು ಕೊಡಬೇಕಾಗತ್ತೆ."

"ನೋಟಿಸೂ ಬೇಡ, ಗೀಟಿಸೂ ಬೇಡ!" ಎಂದೆ. "ಹೋದೋನು ತಾನಾಗಿ ಹೋದ. ನಾನು ದಿನಾ ಬಾಗಿಲಲ್ಲಿ ನಿಂತು ಬಾಯಿಬಿಡ್ತಿದ್ದೆ ಅಂತ ಅವನಿಗೆ ಕಾಗದ ಬರೀಬೇಕಾ? ನನಗೇನು ಮಾನ ಇಲ್ವಾ?"

"ಬೇಡ ಅಂದ್ರೆ ಬೇಡ. ಮನೆ ಮಾರಬೇಡಿ. ಬೋರಲಿಂಗಯ್ಯನೋರನ್ನ ಎತ್ಕೊಂಡು ಹತ್ತಿಸಿ ಇಳಿಸಿ" ಎಂದು ಅವರು ತಣ್ಣಗೆ ಹೇಳಿದರು. ಆಮೇಲೆ ದನಿ ತಗ್ಗಿಸಿದರು. "ಇನ್ನೊಂದು ಗೊತ್ತಿರ್ಲಿ. ಈ ಮನೆ ಬಿಟ್ಟ ಮೇಲೆ ನಿಮಗೆ ಈ ಅಭ್ಯಾಸ ಇರಲ್ಲ. ಐದೂವರೆ ಆಗತ್ತೆ, ಹೋಗತ್ತೆ. ನಿಮಗೆ ಗೊತ್ತೂ ಆಗಲ್ಲ."

ಅಲ್ಲಿಯವರೆಗೆ ಅದನ್ನು ನಾನು ಯೋಚಿಸಿರಲಿಲ್ಲ. ನಾನು ಕಾಯದಿದ್ದರೆ ಅವನಿಗಾಗಿ ಕಾಯುವವರು ಯಾರು? ಮೊದಲೇ ಸಂಕೋಚದ ಹುಡುಗ. ಒಂದು ದಿನ ಬಂದೇ ಬಂದ ಅನ್ನಿ, ಬಾಗಿಲಲ್ಲಿ ಗುರುತಿಲ್ಲದ ಮುಖ ಕಂಡರೆ ಒಂದು ಮಾತೂ ಕೇಳದೆ ತಿರುಗಿ ಹೋಗುತ್ತಾನೆ. ಆಮೇಲೆ ಈ ಜನ್ಮದಲ್ಲಿ ಬರುವುದಿಲ್ಲ.

"ಅವನು ಬಂದ್ರೆ?" ಎಂದೆ.

"ಅದಕ್ಕೆ ಒಂದು ಕಲಮು ಬರೀತೀನಿ. ನಾವಿರೋದು ಯಾತಕ್ಕೆ?" ಎಂದರು ಅವರು.

ನೋಟಿಸಿನ ನಕಲು ಈಗಲೂ ನನ್ನ ಟ್ರಂಕಿನಲ್ಲಿದೆ. 'ಸದರಿ ಮನೆಯವರು ತಾವು ಬರುವಿರೆಂದು ಕಳೆದ ಒಂಬತ್ತು ವರ್ಷಗಳಿಂದ ಪ್ರತಿದಿನ ಸಂಜೆ ಐದೂವರೆ ಗಂಟೆಗೆ ಬಾಗಿಲಿಗೆ ಬಂದು ನೋಡುವ ಅಭ್ಯಾಸವುಳ್ಳವರಾಗಿದ್ದು, ಸದರಿ ಅಭ್ಯಾಸವು ಮನೆಯೊಂದಿಗೆ ಖರೀದಿದಾರರಿಗೆ ಸೇರತಕ್ಕದ್ದಾಗಿರುವುದರಿಂದ, ತಮ್ಮ ಆಕ್ಷೇಪಣೆ ಏನಾದರೂ ಇದ್ದಲ್ಲಿ ಹದಿನೈದು ದಿನಗಳೊಳಗೆ ತಿಳಿಸತಕ್ಕದ್ದು.' ನಾನು ಸಹಿ ಹಾಕಿದೆ. ನಮ್ಮವರು ಮೂರು ಬೆರಳಲ್ಲಿ ಪೆನ್ನು ಹಿಡಿದು, ನನ್ನ ಸಹಿಯ ಪಕ್ಕದಲ್ಲೇ ಅವರದನ್ನೂ ಹಾಕಿದರು. "ಗಾಳಿ ಇರಲಿಲ್ಲ ಕಣೆ" ಎಂದರು. "ಸೊಪ್ಪಿನವನೂ ಇರಲಿಲ್ಲ" ಎಂದೆ. ಇಬ್ಬರಿಗೂ ನಗು ಬಂತು, ಅಳುವೂ ಬಂತು.

ಅವನು ಹೋದ ವರ್ಷ ಯಾರೋ ತಂದುಕೊಟ್ಟಿದ್ದ ವಿಳಾಸಕ್ಕೆ ಕಳಿಸಿದ ನೋಟಿಸು 'ಈ ವಿಳಾಸದಲ್ಲಿ ಇಲ್ಲ' ಎಂಬ ಮುದ್ರೆ ಹೊತ್ತು ಹಿಂದಕ್ಕೆ ಬಂತು. ಹಾಗಾದಾಗ ಪತ್ರಿಕೆಯಲ್ಲಿ ಹಾಕಿಸಬೇಕಂತೆ. ಹಾಕಿಸಿದರು. ಅಂದು ನಾನು ಮನೆಯಿಂದ ಹೊರಗೆ ಕಾಲಿಡಬಾರದೆಂದಿದ್ದೆ, ಆದರೆ ಕಾಫಿಪುಡಿ ಮುಗಿದಿತ್ತು. ಪೇಟೆಯಲ್ಲಿ ಯಾರೂ ಒಂದು ಮಾತು ಆಡಲಿಲ್ಲ. ಹೂವಿನವಳು ಮಾತ್ರ ನನ್ನ ಮುಖ ನೋಡದೆ ಒಂದು ಮೊಳ ಜಾಸ್ತಿ ಅಳೆದು ಕೊಟ್ಟಳು. ಹದಿನೈದು ದಿನ ಕಳೆಯಿತು. ಯಾರಿಂದಲೂ ಆಕ್ಷೇಪಣೆ ಬರಲಿಲ್ಲ.

ಸಹಿಯ ದಿನ ಬೀದಿಯಲ್ಲಿ ನಿಂತು ತೇಜೋವತಿಯವರು ಏಳನೆಯ ಕಲಮು ಗಟ್ಟಿಯಾಗಿ ಓದಿದರು. 'ಸದರಿ ಮಾದೇಶ ಎಂಬುವವರು ಯಾವಾಗ ಬಂದರೂ ಖರೀದಿದಾರರು ಅವರನ್ನು ಹಿಂದಕ್ಕೆ ಹೋಗಗೊಡದೆ ಕರೆತಂದು ಮಾರಾಟಗಾರರಿಗೆ ಒಪ್ಪಿಸತಕ್ಕದ್ದು.' ಡ್ರಿಲ್ ಮೇಷ್ಟ್ರು ಎದೆ ಸೆಟೆಸಿ ಕೇಳಿಸಿಕೊಂಡರು.

"ಸಂಜೆ ಹೊತ್ತು ನೆಟ್ಟಗೆ ನಿಂತ್ಕೊಳ್ಳೋದು ಬೆನ್ನಿಗೆ ಒಳ್ಳೇದು, ಬಿಡಿ. ಗುರುತು ಏನಮ್ಮಾ?"

"ಬಲಗಾಲು ಒಂಚೂರು ಒಳಕ್ಕೆ ಹಾಕ್ತಾನೆ. ಮೆಟ್ಟಿಲು ಎರಡೆರಡು ಹತ್ತುತ್ತಾನೆ" ಎಂದೆ.

ನಾವು ಕೊಂಡ ಮನೆಯ ಪಟ್ಟಿಯನ್ನೂ ಅವರೇ ಮಾಡಿದ್ದರು. ಅದು ತೀರಿಹೋದ ವಾಮನಮೂರ್ತಿಗಳ ಮನೆ. ಮಣೆಗೆ ಕಾಲು ತಾಗಿದರೆ ಮಣೆಗೂ 'ತಪ್ಪಾಯ್ತು' ಎನ್ನುತ್ತಿದ್ದ ಸಾಧು. ಪಟ್ಟಿಯಲ್ಲಿ ಒಂದೇ ಸಾಲು. 'ಮಾತುಮಾತಿಗೆ ತಪ್ಪಾಯಿತು ಎನ್ನುವುದು.' ನಾನು ಆ ಮನೆ ಬೇಡವೇ ಬೇಡ ಎಂದೆ. ನಮ್ಮವರ ಮುಖ ಅರಳಿತು. "ಮೂವತ್ತು ವರ್ಷ ಸಂಸಾರ ಮಾಡಿದೀನಿ, ಆ ಮಾತು ನಿನ್ನ ಬಾಯಲ್ಲಿ ಕೇಳಿಲ್ಲ. ಇದೇ ಮನೆ ಬೇಕು" ಎಂದರು.

ನಾಲ್ಕು ದಿನದಲ್ಲಿ ಹತ್ತಿಕೊಂಡಿತು. ಬೆಕ್ಕಿಗೆ ತಪ್ಪಾಯ್ತು, ಹಾಲಿನವನಿಗೆ ತಪ್ಪಾಯ್ತು, ಗ್ಯಾಸ್ ಸಿಲಿಂಡರಿಗೆ ತಪ್ಪಾಯ್ತು. ನಮ್ಮವರಿಗೆ ಮೊದಮೊದಲು ಖುಷಿಯೋ ಖುಷಿ. ಆಮೇಲೆ ಬೇಜಾರಾಯಿತು, ಅವರೂ ನನಗೆ ಅಷ್ಟೇ ಸಲ ಹೇಳುತ್ತಿದ್ದರಲ್ಲ. ಒಂದು ಸಂಜೆ ಅಕ್ಕಿ ಆರಿಸುತ್ತಾ ಕೂತವಳು ತಲೆಯೆತ್ತಿದರೆ ಗಡಿಯಾರದಲ್ಲಿ ಆರು. ಐದೂವರೆ ಬಂದು ಹೋಗಿತ್ತು, ನನ್ನ ಎದೆಯಲ್ಲಿ ಏನೂ ಆಗಿರಲಿಲ್ಲ. ಆ ದಿನ ನಾನು ಅತ್ತಷ್ಟು ಅವನು ಹೋದ ದಿನವೂ ಅತ್ತಿರಲಿಲ್ಲ. ಮಾರನೆಯ ದಿನ ಬಸ್ಸಿನ ಸದ್ದಾದಾಗ ಗುಡ್ಡದ ಕಡೆ ನೋಡಿದೆ. ದೂರದಲ್ಲಿ, ನಮ್ಮ ಹಳೆಯ ಬಾಗಿಲಲ್ಲಿ ಮೇಷ್ಟ್ರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು, ಪಕ್ಕದಲ್ಲಿ ಅವರ ಹೆಂಡತಿ. ಪುಣ್ಯಾತ್ಮರು ಒಂದು ದಿನವೂ ತಪ್ಪಿಸಲಿಲ್ಲ.

ಹದಿನಾಲ್ಕು ತಿಂಗಳಾದ ಮೇಲೆ, ಒಂದು ಸಂಜೆ ಗುಡ್ಡದ ಮೇಲಿನಿಂದ ಸೀಟಿ ಕೇಳಿಸಿತು. ಒಂದಲ್ಲ, ಬಿಡದೆ ಐದಾರು. ಏನಾಯಿತಪ್ಪಾ ಎಂದುಕೊಳ್ಳುತ್ತಿದ್ದಂತೆ ಸ್ವಲ್ಪ ಹೊತ್ತಿಗೆ ಮೇಷ್ಟ್ರು ನಮ್ಮ ಬಾಗಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಯಾರದೋ ಚೀಲ, ಇನ್ನೊಂದು ಕೈಯಲ್ಲಿ ಯಾರದೋ ತೋಳು.

"ಏಳನೇ ಕಲಮು, ಅಮ್ಮಾ!" ಎಂದು ಏದುಸಿರು ಬಿಟ್ಟರು. "ಮೂವತ್ತು ಮೆಟ್ಟಿಲು ಎರಡೆರಡು ಹತ್ತಿದ್ರು. ನಮ್ಮನ್ನ ನೋಡಿ ನಿಂತ್ರು. ತಿರುಗಿ ಇಳಿಯೋಕೆ ಶುರು ಮಾಡಿದ್ರು. ಬಿಡ್ತೀನಾ? ಸೀಟಿ ಊದಿ ನಿಲ್ಲಿಸ್ದೆ. ನಿಮಗೇ ಕಾಯ್ತಾ ಇದ್ವಿ ಬನ್ನಿ ಅಂದೆ."

ಮಾದೇಶನ ಕಿವಿಯ ಪಕ್ಕ ಕೂದಲು ನರೆತಿತ್ತು. ಮುಖ ಅದೇ.

"ತಪ್ಪಾಯ್ತು, ಬಾಗಿಲು ತಗ್ಗು, ತಲೆ ನೋಡ್ಕೋ" ಎಂದೆ. ನೀರು ಕೊಟ್ಟು, "ತಪ್ಪಾಯ್ತು, ತಣ್ಣಗಿಲ್ಲ" ಎಂದೆ. ನಮ್ಮವರು ತಮ್ಮನ ತಲೆಯ ಮೇಲೆ ಕೈಯಿಟ್ಟು ಅವರೂ ತಪ್ಪಾಯ್ತು ಎಂದರು. ಮೇಷ್ಟ್ರಿಗೂ ಅಷ್ಟರಲ್ಲೇ ಹತ್ತಿತೋ ಏನೋ, ತಪ್ಪಾಯ್ತು ಎನ್ನುತ್ತಲೇ ಹೊರಟುಹೋದರು. ಮಾದೇಶ ಗೋಡೆ ಸೂರು ನೋಡಿ ಸಣ್ಣಗೆ ನಕ್ಕ.

"ವಾಮನಮೂರ್ತಿಗಳ ಮನೆ ಅಲ್ವಾ ಅಣ್ಣಾ ಇದು?"

ಊಟಕ್ಕೆ ಮಣೆ ಹಾಕಿ ನಾನು ರೊಟ್ಟಿ ಬೇಯಿಸತೊಡಗಿದೆ. ಅವನು ಜೇಬಿನಿಂದ ಒಂದು ಕಾಗದ ತೆಗೆದು ಮಣೆಯ ಪಕ್ಕದಲ್ಲಿಟ್ಟ. ಪತ್ರಿಕೆಯ ತುಂಡು. ಮಡಿಕೆಯಲ್ಲೆಲ್ಲ ಹರಿದು ಬಟ್ಟೆಯಂತಾಗಿತ್ತು.

"ಪೇಪರಲ್ಲಿ ಬಂದ ದಿನವೇ ಓದಿದ್ದೆ ಅತ್ತಿಗೆ. ಬರೋಕೆ ಧೈರ್ಯ ಆಗ್ಲಿಲ್ಲ."

ನಾನು ಹೆಂಚಿನ ಮೇಲಿನ ರೊಟ್ಟಿ ಮರೆತೆ. "ತಪ್ಪಾಯ್ತು ಕಣೋ ಮಾದೇಶ" ಎಂದೆ. ಅದು ನನ್ನ ಹೊಟ್ಟೆಯ ತಳದಿಂದ ಬಂದ ಮಾತು.

ಅವನು ಮೆಲ್ಲಗೆ ತಲೆಯಾಡಿಸಿದ. "ಇರಲಿ ಅತ್ತಿಗೆ, ಗೊತ್ತು." ಈ ಮನೆಯಲ್ಲಿರುವವರಿಗೆ ಊರವರೆಲ್ಲ ಹೇಳುತ್ತಾರಲ್ಲ, ಹಾಗೆ ಹೇಳಿದ. ಹಾಲಿನವನೂ ಹಾಗೇ ಹೇಳುತ್ತಾನೆ. ಸಿಲಿಂಡರಿಗೆ ಹೇಳಿದ ಮಾತೇ ಇವನಿಗೂ ಸಿಕ್ಕಿತ್ತು.

ಒಲೆ ಆರಿಸಿದೆ. "ಎದ್ದೇಳು" ಎಂದೆ.

ಅವನ ಮುಖ ಬಿಳುಚಿಕೊಂಡಿತು. ಹತ್ತು ವರ್ಷದ ಹಿಂದಿನ ಮುಖ. ನಮ್ಮವರು ಗಾಬರಿಯಾದರು. "ಏನೇ ಇದು? ಊಟ ಮಾಡ್ಲಿ ಮೊದಲು!"

"ಆಮೇಲೆ. ಚಪ್ಪಲಿ ಬೇಡ. ಬೀದಿಗೆ ಬಾ."

ಬೀದಿಯಲ್ಲಿ ಇನ್ನೂ ಬಿಸಿಲಿತ್ತು. ನಡು ಬೀದಿಗೆ ಹೋಗಿ ಎದುರುಬದುರು ನಿಂತೆವು. ಒಳಗೆ ಅಷ್ಟು ಸಲೀಸಾಗಿ ಬರುತ್ತಿದ್ದ ಮಾತು ಹೊಸ್ತಿಲು ದಾಟುತ್ತಲೇ ನಿಂತುಹೋಯಿತು. ಈಗ ನಾಲಿಗೆ ನನ್ನದೇ. ಹತ್ತು ವರ್ಷದ ಹಟವೆಲ್ಲ ಅದರ ಮೇಲೆ ಕೂತಿತ್ತು. ಒಬ್ಬ ಸೈಕಲ್ಲಿನವನು ಬಂದ, ನಮ್ಮ ಬರಿಗಾಲು ನೋಡಿ ಇಳಿದ, ಬದಿಗೆ ಸರಿದು ತಳ್ಳತೊಡಗಿದ. ಅಂಗಾಲು ಸುಡುತ್ತಿತ್ತು. ಮಾದೇಶ ನೆಲ ನೋಡುತ್ತಿದ್ದ, ಬಲಗಾಲು ಒಂಚೂರು ಒಳಕ್ಕೆ.

"ಅವತ್ತು ಆಡಿದ್ದು ಮನೆ ಅಲ್ಲ ಕಣೋ, ನಾನು" ಎಂದೆ. "ಇವತ್ತು ಆಡ್ತಿರೋದೂ ನಾನೇ. ತಪ್ಪಾಯ್ತು."

ಅವನು ತಲೆಯೆತ್ತಿದ. ನನ್ನ ಮುಖವನ್ನೇ ನೋಡಿದ.

"ಹಸಿವಾಗ್ತಿದೆ ಅತ್ತಿಗೆ" ಎಂದ. "ಅವತ್ತಿಂದ."

ಸೈಕಲ್ಲಿನವನು ತಿರುವು ದಾಟುವವರೆಗೂ ತಳ್ಳಿಕೊಂಡೇ ಹೋದ.